ಸುಂಡಿಲಿ ತಂದ್ಕೊಟ್ಟ ಬರೀ ಚಿಪ್ಪು

ಆಗಿನ್ನೂ ಭೂಮಿ ಹಸಿಹಸಿಯಾಗಿತ್ತು ಕಣವ್ವ, ಈಗ ತಾನೇ ಸಾರಿಸಿ ಬಿಟ್ಟಂಗೆ. ಹೊಳೆ ಯಾವ ಕಡೆ ಹರೀಬೇಕು ಅಂತಾನೂ ತೀರ್ಮಾನ ಆಗಿರ್ಲಿಲ್ಲ.

ಒಂದಿನ ಭೂಮ್ತಾಯಿ ಎಲ್ರಿಗೂ ಹೇಳಿ ಕಳಿಸಿದ್ಲು. "ಬನ್ನಿ, ಯಾರ್ಗೆ ಯಾವ ಊಟ ಅಂತ ಹಂಚ್ಬಿಡ್ತೀನಿ."

ಎಲ್ರೂ ಹೋದ್ರು. ಬಯಲಲ್ಲಿರೋ ಪುಟ್ಟ ಇಲಿ ಸುಂಡಿಲೀನೂ ಹೊರಟ್ಲು, ತುಂಬಿದ ಬಸುರಿ. ಹೊರಟೋಳು ನೆಟ್ಟಗೆ ಹೋಗ್ಬೇಕೋ ಬೇಡ್ವೋ? ಗೀಜಗನ ಗೂಡಿನ ಕೆಳಗೆ ನಿಂತ್ಲು. "ಏನ್ರೀ, ಬಾಗ್ಲು ಕೆಳಗಡೆ ಇಟ್ಟಿದ್ದೀರಾ? ನೆಂಟ್ರು ಬರಬಾರ್ದು ಅಂತಾನಾ?" ಆಮೇಲೆ ಆಮೆ ಹತ್ರ ನಿಂತ್ಲು. "ಮನೇನೇ ಹೊತ್ಕೊಂಡು ತಿರುಗ್ತೀರಲ್ಲ, ಒಳಗೆ ಅಂಥದ್ದೇನಿದೆ?"

ಹಿಂಗೇ ಮಾತಾಡ್ತಾ ಮಾತಾಡ್ತಾ ದಾರೀಲೇ ನೋವು ಬಂತು. ಒಂದು ಪೊದೆ ಬುಡದಲ್ಲಿ ಬಿಲ ತೋಡಿ ಮರಿ ಹಾಕಿದ್ಲು.

ಎದ್ದು ಹೋಗೋ ಹೊತ್ಗೆ ಭೂಮ್ತಾಯಿ ಖಾಲಿ ಮೊರ ಕೊಡವ್ತಾ ಕೂತಿದ್ಲು.

"ಈಗ ಬಂದ್ಯೇನೆ? ಕಾಳು ಗುಬ್ಬಚ್ಚಿಗಾಯ್ತು. ಹುಳ ಕಪ್ಪೇಗಾಯ್ತು. ಹುಲ್ಲು ಹಸೂಗೆ, ಹಣ್ಣು ಬಾವಲೀಗೆ. ಇನ್ನೇನು ಉಳ್ದಿದೆ?"

"ಮರಿ ಇನ್ನೂ ಕಣ್ಣು ಬಿಟ್ಟಿಲ್ಲ ತಾಯಿ. ಎದೇಲಿ ಹಾಲಿಲ್ಲ. ನಾನುಣ್ದೆ ಅವಕ್ಕೇನು ಕೊಡ್ಲಿ?"

ಭೂಮ್ತಾಯಿ ಒಂದು ಬೇಲದಹಣ್ಣಿನ ಚಿಪ್ಪು ಕೊಟ್ಲು. "ಎಲ್ರ ಮನೆ ಅಡುಗೇನೂ ನಿಂಗೆ ಗೊತ್ತಲ್ಲ, ಹೋಗಿ ಇಸ್ಕೊ. ಚಿಪ್ಪು ವಾಪಸ್ ತಂದ್ಕೊಡು."

ಗುಬ್ಬಚ್ಚಿ ಒಂದು ಹಿಡಿ ನವಣೆ ಹಾಕ್ತು. "ತಗೊಳವ್ವ. ನಮ್ಮನೆ ವಿಷ್ಯ ಮಾತ್ರ ಎಲ್ಲೂ ಆಡ್ಬೇಡ."

ಕಪ್ಪೆ ಒಂದು ಮಿಡತೆ, ನಾಕು ಹುಳ ಕೊಡ್ತು. ಹಸು ಹುಲ್ಲಿನ ಬೇರು ಕೊಡ್ತು. ಬಾವಲಿ ಅತ್ತಿಹಣ್ಣು ಕೊಡ್ತು. "ನಾನು ಕಚ್ಚಿದ್ದು, ಎಂಜಲು ಅಂತ ಮೂಗು ಮುರೀಬೇಡ."

"ಹಸಿದೋಳ್ಗೆ ಎಂಜಲೇನು ಬಿಡಪ್ಪ."

ಅದಷ್ಟು, ಇದಷ್ಟು ತಿಂದ್ಲು. ಹಾಲಿಳೀತು. ಮರಿಗಳು ಕುಡಿದು ಮಲಗಿದ್ವು. ಸಂಜೇಗೆ ಅಂತ ಚೂರು ನವಣೆ ಬಿಲದಲ್ಲಿ ಎತ್ತಿಟ್ಟು, ಚಿಪ್ಪು ವಾಪಸ್ ತಂದ್ಕೊಟ್ಲು. ಬರೀ ಚಿಪ್ಪು.

ಭೂಮ್ತಾಯಿ ಮುಖ ಗಂಟಾಯ್ತು.

"ಪಾತ್ರೇನ ಯಾರಾದ್ರೂ ಬರಿದಾಗಿ ತಂದ್ಕೊಡ್ತಾರೇನೆ? ಊರೋರ ಮನೇಲೆಲ್ಲ ಇಣುಕ್ದೋಳು ಇದನ್ನೇ ಕಲೀಲಿಲ್ವಾ? ನಾಳೆ ಮತ್ತೆ ಯಾವ ಮುಖ ಹೊತ್ಕೊಂಡು ಕೇಳೋಕೆ ಹೋಗ್ತೀಯ?"

ಸುಂಡಿಲಿ ಆ ಚಿಪ್ಪು ಮತ್ತೆ ಎತ್ಕೊಂಡ್ಲು.

ಬಿಲಕ್ಕೆ ಹೋದ್ಲು. ಮರಿ ನೋಡಿದ್ಲು, ನವಣೆ ನೋಡಿದ್ಲು. ಅದನ್ನ ಕೊಟ್ರೆ ಸಂಜೇಗಿಲ್ಲ, ಕೊಡ್ದಿದ್ರೆ ನಾಳೆಯಿಂದ ಯಾವತ್ತೂ ಇಲ್ಲ. ಚಿಪ್ಪಿಗೆ ಸುರ್ಕೊಂಡು ಬಂದ್ಲು.

"ಕೈಗೆ ಬೇಡ, ಮಡ್ಲಿಗೆ ಹಾಕು," ಅಂದ್ಲು ಭೂಮ್ತಾಯಿ.

ಸುಂಡಿಲಿ ಮಣ್ಣು ಕೆರೆದು ನವಣೆ ಹಾಕಿ ಮುಚ್ಚಿದ್ಲು. ಭೂಮ್ತಾಯಿ ಮುಖ ಅರಳ್ತು. "ಹೋಗು, ಇನ್ಮೇಲೆ ಎಲ್ಲಿ ಹೋದ್ರೂ ನಿಂಗೊಂದು ತುತ್ತಿರುತ್ತೆ. ನನ್ನ ಮಡ್ಲು ಮಾತ್ರ ಮರೀಬೇಡ."

ಆ ಸಂಜೆ ಗುಬ್ಬಚ್ಚೀನೇ ಕರೆದು ಇನ್ನೊಂದು ಹಿಡಿ ಹಾಕ್ತು.

ಅದಕ್ಕೇ ಕಣವ್ವ, ಬಯಲ ಇಲಿ ಇವತ್ಗೂ ಕಾಳೂ ತಿನ್ನುತ್ತೆ, ಹುಳಾನೂ ತಿನ್ನುತ್ತೆ, ಬೇರು, ಹಣ್ಣು, ಒಂದೊಂದು ಮನೇಲಿ ಒಂದೊಂದು ತುತ್ತು. ಮಳೆ ಬಿದ್ದ ಮೇಲೆ ಬೇಲಿ ಬುಡದಲ್ಲಿ ನೋಡು, ಯಾರೂ ಬಿತ್ತದಿರೋ ಕಡೆ ಒಂದು ಹಿಡಿ ಪೈರು ಗುಂಪಾಗಿ ಎದ್ದಿರುತ್ತಲ್ಲ, ಅದು ಇಲಿ ಚಿಪ್ಪು ವಾಪಸ್ ಕೊಟ್ಟಿರೋ ಜಾಗ.