ಕಾಳಮ್ಮನ ಏಳನೆಯ ಟರ್ಬೊ

ಒಂದಾನೊಂದು ಊರಿನಲ್ಲಿ, ನಕ್ಷೆ ಮಡಿಸಿದರೆ ಸರಿಯಾಗಿ ಮಡಿಕೆಯೊಳಗೆ ಸಿಕ್ಕಿಕೊಳ್ಳುವಂಥ ಊರಿನಲ್ಲಿ, ಕಾಳಮ್ಮ ಎಂಬುವಳಿದ್ದಳು. ಅವಳ ಗಂಡ ಮೋನಪ್ಪಾಚಾರಿ ಹಿತ್ತಲಲ್ಲಿ ವಿಮಾನ ಕಟ್ಟುತ್ತಿದ್ದ. ಆ ಊರಲ್ಲಿ ಇದೇನೂ ವಿಶೇಷವಲ್ಲ. ಕೆಲವರು ಹಿತ್ತಲಲ್ಲಿ ಎಮ್ಮೆ ಕಟ್ಟುತ್ತಾರೆ, ಕೆಲವರು ವಿಮಾನ.

ವಿಮಾನಕ್ಕೆ ರೋಟರಿ ಎಂಜಿನ್ ಹಾಕಿದ್ದ. ಅದರೊಳಗೆ ಸಮೋಸದ ಆಕಾರದ ಒಂದು ಲೋಹದ ತುಂಡು ಗರಗರ ಸುತ್ತುತ್ತದೆ, ಅಷ್ಟೇ. ಆದರೆ ಆ ಊರು ಬಹಳ ಎತ್ತರ. ಅಲ್ಲಿನ ಗಾಳಿ ನೀರುಮಜ್ಜಿಗೆಯಷ್ಟು ತೆಳು. ಎಂಜಿನ್‌ಗೆ ಹೊಟ್ಟೆ ತುಂಬುತ್ತಿರಲಿಲ್ಲ. ಅದಕ್ಕೇ ಟರ್ಬೊ ಬೇಕಾಯಿತು. ಟರ್ಬೊ ಅಂದರೆ ಬಸವನಹುಳುವಿನಂಥ ಡಬ್ಬಿ, ಒಳಗೆ ಪುಟ್ಟ ಚಕ್ರ. ಎಂಜಿನ್ ಬಿಟ್ಟ ಬಿಸಿ ಉಸಿರು ಚಕ್ರವನ್ನು ತಿರುಗಿಸುತ್ತದೆ. ಚಕ್ರ ಹೊಸ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ ಬಾಯಿಗೆ ತುರುಕುತ್ತದೆ, ಹಟ ಮಾಡುವ ಮಗುವಿಗೆ ಅನ್ನ ತುರುಕಿದ ಹಾಗೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಆಚಾರಿ ಏಳು ಟರ್ಬೊ ಮಾಡಿಟ್ಟ. ಏಳೂ ಮಾತಾಡುತ್ತಿದ್ದವು.

ಆಮೇಲೆ ಆಚಾರಿ ಸುಣ್ಣದ ಬಕೆಟ್ ಹಿಡಿದು ಮನೆಯ ಮಾಡು ಹತ್ತಿದ. ಮೂರು ದಿನ ಹೆಂಚಿನ ಮೇಲೆ ಏನೋ ಬರೆದ.

"ಏನ್ರೀ ಅದು ಬರೀತಿರೋದು?" ಎಂದಳು ಕಾಳಮ್ಮ.

"ಇಳಿಯುವಾಗ ಓದೋದು ಕಣೇ. ಈಗ ಓದಿ ಏನ್ಮಾಡ್ತೀಯ?"

ನಾಲ್ಕನೆಯ ದಿನ ಊಟಕ್ಕೆ ಕೂತ ಆಚಾರಿ ಏಳಲಿಲ್ಲ. ವಿಮಾನಕ್ಕಿಂತ ಮೊದಲು ಅವನೇ ಮೇಲೆ ಹೋಗಿದ್ದ. ಕಾಳಮ್ಮ ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಮಾಡಿದಳು. ಲೋಟ ತೊಳೆದು ಬೋರಲು ಹಾಕಿದಳು. ಎಲ್ಲರೂ ಹೋದ ಮೇಲೆ ಏಣಿ ಹತ್ತಿ ನೋಡಿದಳು. ಒಂದೊಂದು ಅಕ್ಷರವೂ ಮಂಚದಷ್ಟು ಅಗಲ. ಹತ್ತಿರದಿಂದ ಬರೀ ಸುಣ್ಣ ಕಂಡಿತು. ದೂರದಿಂದ ನೋಡೋಣವೆಂದರೆ ಆ ಊರಿಗಿಂತ ಎತ್ತರದ ಗುಡ್ಡವೇ ಇಲ್ಲ. ಗಂಡನ ಕೊನೆಯ ಮಾತು ತಲೆಯ ಮೇಲೇ ಇತ್ತು, ಓದಲಾಗುತ್ತಿರಲಿಲ್ಲ. ಹಾರಲೇಬೇಕಾಯಿತು. ಹಾರಿಸುವುದನ್ನು ಅವಳು ಮಂಚದ ಮೇಲೆ ಕೂತು, ಸೌಟು ಹಿಡಿದು, ಗಂಡನಿಂದಲೇ ಕಲಿತಿದ್ದಳು.

ಆದರೆ ಹಾರಲು ರಾಜನ ಅಪ್ಪಣೆ ಬೇಕು. ರಾಜನ ಹೆಸರು ಖಾತ್ರಿರಾಯ. ಖಾತ್ರಿಯಿಲ್ಲದ ಕುರ್ಚಿಯ ಮೇಲೆ ಅವನು ಕೂರುತ್ತಿರಲಿಲ್ಲ. ಮೊದಲು ಮಂತ್ರಿ ಕೂತು ತೋರಿಸಬೇಕು. ಮಂತ್ರಿ ಕೂತರೆ ಕುರ್ಚಿ ಖಾಲಿ ಇರುತ್ತಿರಲಿಲ್ಲ. ಹೀಗಾಗಿ ರಾಜ ಹನ್ನೊಂದು ವರ್ಷದಿಂದ ನಿಂತೇ ಇದ್ದ.

"ಟರ್ಬೊ ಕೆಡುವುದಿಲ್ಲ ಎಂದು ಖಾತ್ರಿಯಾಗಲಿ. ಒಂದು ಗಂಟೆ ಓಡಲಿ. ಒಂದು ಗಂಟೆ ಅಂದರೆ ಒಂದೇ ಗಂಟೆ. ಮೇಲೆ ಒಂದು ರೆಪ್ಪೆ ಬಡಿಯುವಷ್ಟೂ ಓಡಕೂಡದು" ಎಂದ ರಾಜ.

ಸೀಟಿ ನರಸಪ್ಪ ಎಂಬ ಅಧಿಕಾರಿ ಬಂದ. ಎಂಜಿನ್ ಪೂರಾ ಜೋರಿನಲ್ಲಿ ಓಡಿತು. ಟರ್ಬೊ ಕೆಂಡದಂತೆ ಕೆಂಪಾಯಿತು. ಗಂಟೆಯಾದದ್ದೇ ನರಸಪ್ಪ ಸೀಟಿ ಊದಿದ. ಕಾಳಮ್ಮ ತಟ್ಟನೆ ಎಂಜಿನ್ ಆರಿಸಿದಳು. ಮರುದಿನ ನೋಡಿದರೆ ಟರ್ಬೊದ ಚಕ್ರ ಅಲುಗಲಿಲ್ಲ.

"ಕುತ್ತಿಗೆ ಹಿಡ್ಕೊಂಡಿದೆ ಕಣಮ್ಮಾ. ಒಳಗೆ ಎಣ್ಣೆ ಸುಟ್ಟು ಕರಕಲಾಗಿದೆ" ಎಂದಿತು ಟರ್ಬೊ.

ಎರಡನೆಯದನ್ನು ಹಾಕಿದರು. ಓಡಿತು, ಸೀಟಿ ಕೂಗಿತು, ಆರಿಸಿದರು, ಕುತ್ತಿಗೆ ಹಿಡಿಯಿತು. ಮೂರನೆಯದು. ಓಡಿತು, ಸೀಟಿ ಕೂಗಿತು, ಆರಿಸಿದರು, ಕುತ್ತಿಗೆ ಹಿಡಿಯಿತು. ಹೀಗೆ ವರ್ಷ ಕಳೆಯುವುದರೊಳಗೆ ಆರು ಟರ್ಬೊಗಳು ಕತ್ತು ಸೊಟ್ಟ ಮಾಡಿಕೊಂಡು ಜಗಲಿಯ ಮೇಲೆ ಸಾಲಾಗಿ ಕೂತವು. ಕಾಳಮ್ಮ ಅವಕ್ಕೆ ಹರಳೆಣ್ಣೆ ಹಚ್ಚಿದಳು. ಆರನೆಯದು ಮಾತ್ರ, "ನಿಲ್ಲಿಸೋದ್ರಲ್ಲೇ ಏನೋ ತಪ್ಪಿದೆ ನಿಮ್ದು" ಎಂದು ಗೊಣಗಿತು. ಕೆಟ್ಟವರ ಮಾತು ಯಾರು ಕೇಳುತ್ತಾರೆ?

ರಾಜ ವರದಿ ಓದಿದ. ನಿಂತೇ ಓದಿದ. "ಓಡಿದ ಆರೂ ಕೆಟ್ಟವು. ಏಳನೆಯದು ಓಡಿಲ್ಲ, ಕೆಟ್ಟೂ ಇಲ್ಲ. ರಾಜ್ಯದಲ್ಲಿ ಇದರಷ್ಟು ನಂಬಿಕಸ್ತರು ಬೇರೆ ಯಾರಿದ್ದಾರೆ?" ಎಂದ. ಏಳನೆಯ ಟರ್ಬೊವನ್ನು ತರಿಸಿ, ಹಳೆಯ ಮಂತ್ರಿ ಕುರ್ಚಿಯಿಂದ ಏಳುತ್ತಿದ್ದಂತೆಯೇ ಅದನ್ನು ಮಂತ್ರಿ ಮಾಡಿ ಕೂರಿಸಿದ.

ಕಾಳಮ್ಮ ಆಸ್ಥಾನಕ್ಕೆ ನಡೆದಳು.

"ಬುದ್ಧೀ, ನನ್ನ ಟರ್ಬೊ ನನಗೆ ಕೊಡಿ."

"ಅದು ಮಂತ್ರಿ ಕಣಮ್ಮಾ! ಓಡಿಸಿದರೆ ಕೆಡುತ್ತೆ."

"ಅಯ್ಯೋ, ಕರ್ಕೊಂಡ್ಹೋಗಮ್ಮ ನನ್ನ. ನಂಬಿಸಿಕೊಂಡು ಕೂತೂ ಕೂತೂ ತುಕ್ಕು ಹಿಡೀತಿದೀನಿ" ಎಂದಿತು ಮಂತ್ರಿ.

ರಾಜ ಯೋಚಿಸಿದ. "ಸರಿ. ಓಡಿಸದೆ ಹಾರುವುದಾದರೆ ತಗೊಂಡು ಹೋಗು. ಆದರೆ ಇಳಿದ ಕೂಡಲೇ ಸೀಟಿ, ಸೀಟಿಯಾದ ಕೂಡಲೇ ಬಂದ್."

"ಇದನ್ನ ನಾನು ಓಡಿಸಲ್ಲ ಬುದ್ಧೀ. ಎಂಜಿನ್ನೂ ಇದನ್ನ ಮುಟ್ಟಿ ಓಡಿಸಲ್ಲ. ಎಂಜಿನ್ ಬಿಟ್ಟ ಉಸಿರು ಹೊರಗೆ ಹೋಗ್ತಾ ತಾನೇ ತಿರುಗಿಸ್ಕೊಂಡು ಹೋಗುತ್ತೆ."

ರಾಜ ಕಾನೂನು ಪುಸ್ತಕ ತೆರೆಸಿ ನೋಡಿದ. ಬಿಟ್ಟ ಉಸಿರಿಗೆ ಯಾವ ಕಾನೂನೂ ಇರಲಿಲ್ಲ. ಕಾಳಮ್ಮ ಮಂತ್ರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಆಗ ನೋಡಿ, ಹನ್ನೊಂದು ವರ್ಷದ ಮೇಲೆ ಮೊದಲ ಸಲ ಕುರ್ಚಿ ಖಾಲಿಯಾಯಿತು. ಖಾತ್ರಿಯೂ ಆಗಿತ್ತು. ರಾಜ ಕೂತ.

ವಿಮಾನ ಎದ್ದಿತು. ಟರ್ಬೊ ಶಿಳ್ಳೆ ಹೊಡೆಯುತ್ತಾ ತೆಳು ಗಾಳಿಯನ್ನು ಗಟ್ಟಿ ಮಾಡಿ ಎಂಜಿನ್‌ಗೆ ಉಣ್ಣಿಸಿತು. ಕಾಳಮ್ಮ ಊರಿನ ಮೇಲೆ ಒಂದು ಸುತ್ತು ಹಾಕಿದಳು. ತನ್ನ ಮನೆಯ ಕಡೆ ಇಳಿಯತೊಡಗಿದಾಗ ಮಾಡಿನ ಮೇಲಿನ ಸುಣ್ಣ ಅಕ್ಷರವಾಯಿತು. ಓದಿದಳು.

"ಕಾಳೀ, ಇಳಿದ ಮೇಲೆ ತಟ್ಟನೆ ಆರಿಸಬೇಡ. ಎರಡು ನಿಮಿಷ ಮೆಲ್ಲಗೆ ಓಡಲಿ. ಬಿಸಿ ಇರುವಾಗ ನಿಲ್ಲಿಸಿದರೆ ಒಳಗೇ ಸುಡುತ್ತದೆ."

ಅಷ್ಟೇ. ಬೇರೆ ಒಂದು ಮಾತೂ ಇರಲಿಲ್ಲ. ಇಳಿಯುವಾಗ ಬೇಕಾದದ್ದನ್ನು ಇಳಿಯುವಾಗ ಕಾಣುವ ಕಡೆ ಬರೆದಿದ್ದ. ನೆಲದ ಮೇಲೆ ಯಾರಾದರೂ ಪರೀಕ್ಷೆ ಮಾಡಿಯಾರು ಎಂದು ಪಾಪ, ಅವನಿಗೆ ಹೊಳೆದಿರಲಿಲ್ಲ.

ವಿಮಾನದ ಚಕ್ರ ನೆಲ ಮುಟ್ಟಿತು. ನರಸಪ್ಪ ಸೀಟಿ ಊದಿದ. ಕಾಳಮ್ಮ ಆರಿಸಲಿಲ್ಲ. ಮತ್ತೆ ಊದಿದ. ಆರಿಸಲಿಲ್ಲ. "ಏಯ್ ಕಾಳಮ್ಮಾ, ರಾಜಾಜ್ಞೆ!" ಎಂದು ಕೂಗಿದ. ಎಂಜಿನ್ ಮೆಲ್ಲಗೆ ಗುರುಗುಟ್ಟುತ್ತಿತ್ತು. ಆ ಎರಡು ನಿಮಿಷದಲ್ಲಿ ಕಾಳಮ್ಮ ಹದಿನಾಲ್ಕು ತಿಂಗಳಿಂದ ಬಾಕಿ ಇದ್ದ ಕೆಲಸ ಮಾಡಿದಳು. ಅತ್ತಳು. ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಎಂಜಿನ್ ಆರಿಸಿದಳು.

"ಹೇಗಿದೀಯಪ್ಪಾ?"

"ಕುತ್ತಿಗೆ ಆಡುತ್ತಮ್ಮಾ. ನಿಂದು?"

"ಆಡುತ್ತೆ" ಎಂದಳು ಕಾಳಮ್ಮ.

ನರಸಪ್ಪ ದೂರು ಹೇಳಲು ಓಡಿಹೋದ. ಶಿಕ್ಷೆಯನ್ನು ನಿಂತೇ ವಿಧಿಸಬೇಕು, ರಾಜ ಕುರ್ಚಿ ಬಿಟ್ಟು ಎದ್ದರೆ ತಾನೇ? ಅವನು ಏಳಲೇ ಇಲ್ಲ. ಮತ್ತೆ ಕೂರುವ ಖಾತ್ರಿ ಎಲ್ಲಿದೆ? ಆದರೆ ಕೂತಲ್ಲಿಂದಲೇ ಒಂದು ಆಜ್ಞೆ ಹೊರಡಿಸಿದ: ಏಳನೆಯ ಟರ್ಬೊ ಓಡಿಬಿಟ್ಟಿದೆ, ಆದ್ದರಿಂದ ಇನ್ನು ಮುಂದೆ ಅದನ್ನು ಯಾರೂ ನಂಬಕೂಡದು. ಆ ಟರ್ಬೊ ಇವತ್ತಿಗೂ ದಿನಾ ಹಾರುತ್ತಿದೆ.

ನೀತಿ ಬೇಕಾದವರು ರಾಜನನ್ನು ಕೇಳಿ, ಅವನಿಗೆ ಈಗ ಬಿಡುವಿದೆ. ನಮ್ಮ ಕತೆ ಇಲ್ಲಿಗೆ ಇಳಿಯಿತು. ಆದರೆ ಯಾರೂ ತಟ್ಟನೆ ಏಳಬೇಡಿ. ಎರಡು ನಿಮಿಷ ಸುಮ್ಮನೆ ಕೂತಿದ್ದು, ಆಮೇಲೆ ಮನೆಗೆ ಹೋಗಿ.