ಪುಡಿ ಹೆಚ್ಚಾದ ಹಾಳೆ

“ಗುರುಗಳೇ, ತಪ್ಪನ್ನು ತಿದ್ದಿಕೊಂಡ ಮೇಲೂ ನಾಚಿಕೆ ಯಾಕೆ ಹೋಗುವುದಿಲ್ಲ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಕುಶಲಕರ್ಮಿಯಿದ್ದ. ಮೆತ್ತನೆಯ ರಬ್ಬರ್ ಹಾಳೆ ಮಾಡುವುದು ಅವನ ಕೆಲಸ. ಹಾಳೆಯ ಎರಡೂ ಮೈಗೆ ಕಪ್ಪು ಲೇಪ ಬಳಿದು ವಿದ್ಯುತ್ ಕೊಟ್ಟರೆ ಅದು ತೆಳ್ಳಗಾಗಿ ಹಿಗ್ಗುತ್ತಿತ್ತು, ನಿಲ್ಲಿಸಿದರೆ ಮೊದಲಿನಂತಾಗುತ್ತಿತ್ತು. ಸ್ನಾಯುವಿನಂತೆ ದುಡಿಯುವ ಈ ಹಾಳೆಗಳನ್ನು ಸೇರಿಸಿ ಅವನು ಒಂದು ಕೈಗವಸು ಮಾಡಲು ಹೊರಟ. ಬೆರಳು ಮಡಿಸಲಾರದವರ ಬೆರಳನ್ನು ಅದು ಮಡಿಸಬೇಕಿತ್ತು.

ಅದೇ ಊರಿನಲ್ಲಿ ಒಬ್ಬ ಬಳೆಗಾರ್ತಿಯಿದ್ದಳು. ಲಕ್ವ ಹೊಡೆದು ಅವಳಿಗೆ ಬಲಗೈ ಬೆರಳುಗಳನ್ನು ಮಡಿಸಲು ಬಾರದಾಗಿತ್ತು. ಬಳೆ ತೊಡಿಸುವವಳಿಗೆ ಎರಡು ಕೈಯೂ ಬೇಕು. ಕೈಗವಸನ್ನು ಮೊದಲು ತೊಟ್ಟು ನೋಡಲು ಅವಳೇ ಒಪ್ಪಿದಳು.

ಬರಿಯ ರಬ್ಬರಿನಲ್ಲಿ ಬಲ ಸಾಲಲಿಲ್ಲ. ಕುಶಲಕರ್ಮಿ ಅದಕ್ಕೆ ಒಂದು ಬಿಳಿ ಪುಡಿ ಬೆರೆಸಿದ. ಹಾಳೆ ಕಡಿಮೆ ವಿದ್ಯುತ್ತಿಗೇ ಚೆನ್ನಾಗಿ ಹಿಗ್ಗಿತು. ಇನ್ನಷ್ಟು ಬೆರೆಸಿದ, ಇನ್ನೂ ಬಲ ಬಂತು. ಆಸೆಗೆ ಬಿದ್ದು ಮತ್ತೂ ಬೆರೆಸಿದ. ಈ ಸಲ ಹಾಳೆ ಬಿರುಸಾಯಿತು. ಪುಡಿ ಅಲ್ಲಲ್ಲಿ ಗಂಟು ಕಟ್ಟಿತು. ಪರೀಕ್ಷೆ ಮಾಡುವಾಗ ಅಂಥ ಒಂದು ಗಂಟಿನ ಬಳಿ ವಿದ್ಯುತ್ ಹಾಳೆಯನ್ನು ಸುಟ್ಟು ತೂತು ಮಾಡಿತು.

ಮರುದಿನ ಊರಿನ ದೊಡ್ಡವರು ನೋಡಲು ಬರುವವರಿದ್ದರು. ಹೊಸದಾಗಿ ಮಾಡಲು ವೇಳೆಯಿರಲಿಲ್ಲ. ‘ಒಂದು ಹೋದರೆ ಎಲ್ಲವೂ ಹೋಗುತ್ತವೆಯೇ’ ಎಂದುಕೊಂಡು ಅವನು ಸುಟ್ಟದ್ದನ್ನು ಎಸೆದು, ಉಳಿದ ಹಾಳೆಗಳನ್ನೇ ಕೈಗವಸಿಗೆ ಹೊಲಿದ.

ಎಲ್ಲರ ಮುಂದೆ ಬಳೆಗಾರ್ತಿಯ ಬೆರಳುಗಳು ಒಂದು ಸಲ ಮಡಿಚಿಕೊಂಡವು. ಎರಡನೆಯ ಸಲ ಚಟ್ ಎಂದಿತು. ಸುಟ್ಟ ವಾಸನೆ ಬಂತು. ಬೆರಳುಗಳು ಬಿಚ್ಚಿಕೊಂಡವು. ಅವಳಿಗೆ ಗಾಯವೇನೂ ಆಗಲಿಲ್ಲ, ಆದರೆ ಮುಖ ಬಾಡಿತು.

“ನಾನೇ ಕೈ ಎಳೆದುಬಿಟ್ಟೆ ಅಂತ ಕಾಣುತ್ತದೆ, ಅಣ್ಣ. ನಿಮ್ಮ ಕೆಲಸ ಕೆಡಿಸಿದೆ” ಎಂದಳು.

ಜನ ಕುಶಲಕರ್ಮಿಯ ಕಡೆ ನೋಡಿದರು. ಅವನು ಬಾಯಿ ತೆರೆದ. “ಇರಲಿ ಬಿಡಿ, ತಾಯಿ” ಎಂಬ ಮಾತು ಹೊರಬಂತು. ತಾನು ಅವಳನ್ನು ಕ್ಷಮಿಸುತ್ತಿರುವುದು ಅವನಿಗೇ ಕೇಳಿಸಿತು. ಎಂಥ ಸೈರಣೆಯ ಮನುಷ್ಯ ಎಂದು ಜನ ಹೊಗಳಿ ಹೋದರು.

ಅಂದಿನಿಂದ ಅವನು ಬಳೆಗಾರ್ತಿಯ ಬೀದಿಯಲ್ಲಿ ನಡೆಯಲಿಲ್ಲ. ಹಾಳೆಯನ್ನು ಸರಿಮಾಡಿಕೊಂಡೇ ಅವಳ ಮುಂದೆ ನಿಲ್ಲುತ್ತೇನೆ ಎಂದುಕೊಂಡ. ಪುಡಿಯನ್ನು ಇನ್ನೂ ನುಣ್ಣಗೆ ಅರೆದ. ರಬ್ಬರಿನೊಡನೆ ಹೊಂದಿಕೊಳ್ಳುವಂತೆ ಕಣಕಣಕ್ಕೂ ಲೇಪ ಕೊಟ್ಟ. ಪ್ರಮಾಣವನ್ನು ಅರ್ಧಕ್ಕಿಂತ ಕಡಿಮೆ ಮಾಡಿದ. ಸಾವಿರ ಸಲ ಹಿಗ್ಗಿಸಿ ನೋಡಿದ. ಒಂದು ಹಾಳೆಯೂ ಸುಡಲಿಲ್ಲ. ಇಷ್ಟಕ್ಕೆ ಮೂರು ವರ್ಷ ಹಿಡಿಯಿತು. ಆಮೇಲೆ ಹೊಸ ಕೈಗವಸು ಹಿಡಿದು ಅವಳ ಮನೆಗೆ ಹೋದ.

ಅವನನ್ನು ಕಂಡದ್ದೇ ಅವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬೇಡ, ಅಣ್ಣ. ಇದು ಕೆಡಿಸುವ ಕೈ. ಈ ಮೂರು ವರ್ಷದಲ್ಲಿ ಬೇರೆ ಊರಿನವರು ಇಬ್ಬರು ತಮ್ಮ ಕೈಗವಸು ತೊಟ್ಟು ನೋಡು ಎಂದು ಬಂದು ಕರೆದರು. ನಿಮ್ಮದನ್ನು ಹಾಳುಮಾಡಿದ್ದೇ ಸಾಕು ಎಂದು ಅವರನ್ನೂ ಕಳಿಸಿಬಿಟ್ಟೆ.”

ಕುಶಲಕರ್ಮಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ನೆಲ ನೋಡುತ್ತ ಹೇಳಿದ: “ಕೆಡಿಸಿದ್ದು ನಿಮ್ಮ ಕೈಯಲ್ಲ, ತಾಯಿ. ನಾನು ಪುಡಿ ಹೆಚ್ಚು ಹಾಕಿದ್ದೆ. ಹಾಳೆ ಸುಡುವುದನ್ನು ಹಿಂದಿನ ದಿನವೇ ಕಂಡಿದ್ದೆ.”

ಅವಳು ಬೈಯಲಿಲ್ಲ. ಸೆರಗಿನಿಂದ ಕೈ ತೆಗೆದು ಅವನ ಮುಂದೆ ಚಾಚಿದಳು. ಅವನು ಕೈಗವಸು ತೊಡಿಸಿದ. ಬೆರಳುಗಳು ಮಡಿಚಿಕೊಂಡವು, ಬಿಚ್ಚಿಕೊಂಡವು, ಮತ್ತೆ ಮಡಿಚಿಕೊಂಡವು. ಬಳೆಗಾರ್ತಿ ನೆರೆಮನೆಯ ಹೆಂಗಸನ್ನು ಕರೆದು ಕೂರಿಸಿ, ಅವಳ ಕೈಗೆ ಒಂದು ಡಜನ್ ಹಸಿರು ಬಳೆ ತೊಡಿಸಿದಳು. ಒಂದೂ ಒಡೆಯಲಿಲ್ಲ. ಕುಶಲಕರ್ಮಿ ಬಳೆಗಳ ಸದ್ದು ಕೇಳಿದ. ತಲೆಯೆತ್ತಿ ನೋಡಲು ಅವನಿಂದ ಆಗಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು.

“ಹಾಳೆ ಸರಿಹೋಯಿತು. ತಡವಾದರೂ ನಿಜ ಹೇಳಿದ. ಅವಳ ಕೈಯೂ ಕೆಲಸಕ್ಕೆ ಬಂತು. ಇನ್ನೇನು ಉಳಿಯಿತು, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಆ ಮೂರು ವರ್ಷ” ಎಂದರು ಗುರು.