ನೆನೆಸಿ ತಿನ್ನು

ಮಠಕ್ಕೆ ಹೊಸದಾಗಿ ಸೇರಿದ್ದ ಶಿಷ್ಯ ಚೆನ್ನವೀರ ಗುರುವನ್ನು ಕೇಳಿದ: “ಮನೆಮಂದಿಯನ್ನೆಲ್ಲ ಬಿಟ್ಟು ಬಂದು ದಿನವೂ ದೇವರನ್ನು ನೆನೆಯುತ್ತಿದ್ದೇನೆ. ಆದರೂ ಎದೆ ಹಗುರಾಗುತ್ತಿಲ್ಲ, ಕಲ್ಲಾಗುತ್ತಿದೆ. ಏಕೆ ಗುರುಗಳೇ?”

ಗುರು ನಕ್ಕರು. “ಎದೆಯ ಮಾತು ಆಮೇಲಾಗಲಿ, ಮೊದಲು ಹೊಟ್ಟೆಯ ಮಾತು ಕೇಳು. ಮಲಬದ್ಧತೆಯ ಕತೆ ಇದು. ಮೂಗು ಮುಚ್ಚಿಕೊಳ್ಳಬೇಡ ಮಾರಾಯ, ಬೆಳಗಾದರೆ ಎಲ್ಲರೂ ಚೆಂಬು ಹಿಡಿದು ಹೋಗುವವರೇ” ಎಂದು ಶುರುಮಾಡಿದರು.

ಒಬ್ಬ ವ್ಯಾಪಾರಿಯಿದ್ದ. ಅವನ ತಮ್ಮ ಜ್ವರದಿಂದ ಸತ್ತ. ಸಾಯುವ ದಿನ ತಮ್ಮ ‘ಅಣ್ಣಾ, ನೀರು’ ಎಂದು ಕೇಳುತ್ತಲೇ ಇದ್ದ. ಜ್ವರದಲ್ಲಿ ನೀರು ಕೊಡಬಾರದೆಂದು ಯಾರೋ ಹೇಳಿದ್ದರು. ಅಣ್ಣ ಕೊಡಲಿಲ್ಲ. ಪಾಪ, ಉಳಿಸಿಕೊಳ್ಳಬೇಕೆಂದೇ ಕೊಡಲಿಲ್ಲ.

ಅಂದಿನಿಂದ ನೀರಿನ ತಂಬಿಗೆ ಎತ್ತಿದರೆ ವ್ಯಾಪಾರಿಗೆ ಆ ಮಾತೇ ನೆನಪಾಗುತ್ತಿತ್ತು. ಗುಟುಕು ಕುಡಿದು ಕೆಳಗಿಡುತ್ತಿದ್ದ. ನೀರಿಲ್ಲದ ಕರುಳು ತಾನೇ ಏನು ಮಾಡೀತು? ಹೊಟ್ಟೆ ಕಟ್ಟಿಕೊಂಡಿತು. ನಾಟಿ ಮದ್ದು ಕೊಡುವ ಸಂಗವ್ವನ ಬಳಿ ಹೋದ. ಅವಳು ಕಾಮಕಸ್ತೂರಿ ಬೀಜ ಕಟ್ಟಿಕೊಟ್ಟು, ‘ಸಂಜೆ ನೆನೆಸಿ ತಿನ್ನು, ಸಲೀಸಾಗಿ ಹೋಗುತ್ತದೆ’ ಎಂದಳು.

ಅವಳು ಹೇಳಿದ್ದು ನೀರಿನಲ್ಲಿ ನೆನೆಸುವುದನ್ನು. ಆದರೆ ಹಿರಿಯರನ್ನು ನೆನೆದು ಮದ್ದು ತಿನ್ನುವುದು ಆ ವ್ಯಾಪಾರಿಯ ಮನೆತನದ ಪದ್ಧತಿ. ಅವನು ಹಾಗೇ ತಿಳಿದ. ಸಂಜೆ ದೀಪ ಹಚ್ಚಿ, ಒಣ ಬೀಜ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಸತ್ತುಹೋದ ಅಪ್ಪನನ್ನು ನೆನೆಸಿದ. ಅಪ್ಪ ಬರಲಿಲ್ಲ. ತಮ್ಮ ಬಂದ.

ಬಂದು ಹೊಸಿಲಾಚೆ ನಿಂತಿದ್ದ. ವ್ಯಾಪಾರಿ ಗಾಬರಿಯಲ್ಲಿ ಬೀಜವನ್ನು ಬಾಯಿಗೆ ಹಾಕಿಕೊಂಡು ನುಂಗಿದ. ಮರುದಿನ ತಮ್ಮ ಹೊಸಿಲು ದಾಟಿದ್ದ. ಆಮೇಲೆ ಹಾಸಿಗೆಯ ಬದಿಗೇ ಬಂದು ಕೂತ. ‘ಅಣ್ಣಾ, ನೀರು.’ ಇತ್ತ ಹೊಟ್ಟೆ ಉಬ್ಬಿ ಮದ್ದಳೆಯಾಯಿತು. ವ್ಯಾಪಾರಿ ಇನ್ನಷ್ಟು ಬೀಜ ತಿಂದ. ಕೊನೆಗೆ ಹಾಸಿಗೆಯ ಬದಿ ಖಾಲಿಯಾಯಿತು. ದನಿ ಮಾತ್ರ ಉಳಿಯಿತು. ಅದು ಅವನ ಹೊಟ್ಟೆಯೊಳಗಿನಿಂದ ಬರುತ್ತಿತ್ತು.

ಮನೆಯವರು ಹೆದರಿ ಸಂಗವ್ವನನ್ನು ಕರೆತಂದರು.

‘ಬೀಜ ಯಾವುದರಲ್ಲಿ ನೆನೆಸಿದೆ?’

‘ಯಾವುದರಲ್ಲಿ ಅಂದರೆ? ಮನಸ್ಸಿನಲ್ಲಿ.’

‘ಅಯ್ಯೋ ನಿನ್ನ! ಒಣ ಬೀಜ ತಿಂದೆಯಾ?’ ಅವಳು ಬಟ್ಟಲು ನೀರಿಗೆ ಚಿಟಿಕೆ ಬೀಜ ಹಾಕಿದಳು. ನೋಡನೋಡುತ್ತಲೇ ಕರಿ ಬೀಜಗಳು ಉಬ್ಬಿ, ಸುತ್ತ ಬಿಳಿ ಲೋಳೆ ಕಟ್ಟಿಕೊಂಡಿತು. ಬಟ್ಟಲಿನ ತುಂಬ ಕಣ್ಣುಗಳಿದ್ದಂತೆ ಕಂಡಿತು. ‘ಇದಕ್ಕೆ ನೀರು ಬೇಕೇ ಬೇಕು. ಹೊರಗೆ ಕೊಡದಿದ್ದರೆ ಒಳಗೆ ಹೋಗಿ ಕೇಳುತ್ತದೆ. ಕರುಳಿನ ತೇವ ಹೀರಿಕೊಂಡು ದಾರಿಗೆ ಅಡ್ಡ ಕೂರುತ್ತದೆ. ಹೀಗೇ ಬಿಟ್ಟರೆ ಸಾಯುತ್ತೀಯ. ಕುಡಿ!’

‘ಅವನಿಗೆ ಕೊಡದ ನೀರನ್ನು ನಾನು ಹೇಗೆ ಕುಡಿಯಲಿ?’ ವ್ಯಾಪಾರಿ ಗೋಳೋ ಎಂದು ಅತ್ತ.

‘ಕೇಳುತ್ತಿದ್ದಾನಲ್ಲ, ಈಗಲಾದರೂ ಕೊಡು!’

ವ್ಯಾಪಾರಿ ಅಳುತ್ತಲೇ ಬೆಚ್ಚಗಿನ ನೀರನ್ನು ಒಂದೊಂದೇ ಗುಟುಕು ಕುಡಿದ. ಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಕುಡಿಯುತ್ತಿದ್ದವನು ಒಬ್ಬ. ಗುಟುಕರಿಸುವ ಸದ್ದು ಇಬ್ಬರದು. ಬೆಳಗಾಗುವಷ್ಟರಲ್ಲಿ ಹೊಟ್ಟೆ ಸಡಿಲವಾಯಿತು, ವ್ಯಾಪಾರಿ ಬದುಕಿದ.

ಇಷ್ಟು ಹೇಳಿ ಗುರು ಕತೆ ಮುಗಿಸಿದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ. “ಆದರೆ ನನಗೆ ಸತ್ತ ತಮ್ಮನಿಲ್ಲವಲ್ಲ ಗುರುಗಳೇ. ನಾನು ಯಾರಿಗೂ ಏನೂ ಇಲ್ಲವೆಂದವನಲ್ಲ” ಎಂದ.

ಗುರು ಅವನ ಭುಜದಾಚೆ ನೋಡುತ್ತ ಕೇಳಿದರು: “ಹಾಗಾದರೆ ನೀನು ಕಣ್ಣು ಮುಚ್ಚಿದಾಗಲೆಲ್ಲ ನಿನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾಳಲ್ಲ, ಆ ಹೆಂಗಸು ಯಾರು?”